ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಲನೋಬಿಸ್: ಅಂಕಿಅಂಶಗಳಿಂದ ತೀರ್ಮಾನದೆಡೆಗೆ

ಬಿ.ಕಾಂ., ಬಿ.ಬಿ.ಎ., ಎಂ.ಬಿ.ಎ. ಓದುವ ನಮ್ಮ ಅನೇಕ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರದ ಪತ್ರಿಕೆ ಎಂದರೆ ಒಂದು ಭಯ. ಸರಾಸರಿ, ವಿಚಲನೆ, ಸಹಸಂಬಂಧ ಎಂದು ಸೂತ್ರಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮರುದಿನವೇ ಮರೆತುಬಿಡುತ್ತಾರೆ. ಆಪ್ಟಿಮೈಸೇಶನ್ ಅಥವಾ ಆಪರೇಷನ್ಸ್ ರಿಸರ್ಚ್ ಎಂಬ ಪಾಠ ಬಂದರಂತೂ ಕೇಳುವುದೇ ಬೇಡ. ಕನಿಷ್ಠ ವೆಚ್ಚದಲ್ಲಿ ಗರಿಷ್ಠ ಪ್ರಯೋಜನ ಪಡೆಯುವ ದಾರಿಯನ್ನು ಲೆಕ್ಕಹಾಕಿ ಕಂಡುಕೊಳ್ಳುವುದು ಎಂಬ ಸರಳ ಅರ್ಥವೂ ಅದರ ಚಿಹ್ನೆಗಳ ನಡುವೆ ಕಳೆದುಹೋಗುತ್ತದೆ. ಈ ಎರಡು ವಿದ್ಯೆಗಳನ್ನು ಭಾರತದ ನೆಲಕ್ಕೆ ತಂದು, ಇಲ್ಲಿಯ ನದಿ, ಹೊಲ, ಕಾರ್ಖಾನೆಗಳ ಮೇಲೆ ಪ್ರಯೋಗಿಸಿದ ಪ್ರಶಾಂತಚಂದ್ರ ಮಹಲನೋಬಿಸ್ ಅವರು ಯಾವ ಕಾಲೇಜಿನಲ್ಲೂ ಸಂಖ್ಯಾಶಾಸ್ತ್ರ ಕಲಿತವರಲ್ಲ. ಅವರು ಭೌತಶಾಸ್ತ್ರದ ಅಧ್ಯಾಪಕರು. ಎದುರಿಗೆ ಬಂದ ಸಮಸ್ಯೆಯೇ ಅವರಿಗೆ ಗುರುವಾಯಿತು.

ಮಹಲನೋಬಿಸ್ ಅವರು 1893ರ ಜೂನ್ 29ರಂದು ಕಲ್ಕತ್ತಾದಲ್ಲಿ ಜನಿಸಿದರು. ಅಜ್ಜ ಗುರುಚರಣರು ಪೂರ್ವ ಬಂಗಾಳದ ಬಿಕ್ರಮಪುರದಿಂದ ಕಲ್ಕತ್ತಾಕ್ಕೆ ಬಂದು, 1860ರಲ್ಲಿ ಔಷಧಿ ಅಂಗಡಿ ತೆರೆದು ನೆಲೆ ಕಂಡುಕೊಂಡವರು. ಬ್ರಹ್ಮ ಸಮಾಜದ ಸುಧಾರಣಾ ಚಳವಳಿಯಲ್ಲಿ ಸಕ್ರಿಯರಾಗಿದ್ದ ಅವರು ಆ ಕಾಲದಲ್ಲೇ ವಿಧವೆಯನ್ನು ವಿವಾಹವಾಗಿ ಸಮಾಜದ ವಿರೋಧ ಎದುರಿಸಿದ್ದರು. ತಾಯಿಯ ಕಡೆಯಿಂದ ಪ್ರಸಿದ್ಧ ವೈದ್ಯ ನೀಲರತನ ಸರ್ಕಾರ್ ಅವರು ಸೋದರಮಾವ. ಹೀಗೆ ವ್ಯಾಪಾರ, ವಿದ್ಯೆ ಮತ್ತು ಸಮಾಜ ಸುಧಾರಣೆ ಒಂದೇ ಸೂರಿನಡಿಯಲ್ಲಿದ್ದ ಮನೆತನವದು. ಪ್ರಶಾಂತಚಂದ್ರರು ಬ್ರಹ್ಮ ಬಾಲಕರ ಶಾಲೆಯಲ್ಲಿ ಓದಿ, ಪ್ರೆಸಿಡೆನ್ಸಿ ಕಾಲೇಜಿನಿಂದ 1912ರಲ್ಲಿ ಭೌತಶಾಸ್ತ್ರದಲ್ಲಿ ಆನರ್ಸ್ ಪದವಿ ಪಡೆದರು. ಜಗದೀಶಚಂದ್ರ ಬೋಸ್, ಪ್ರಫುಲ್ಲಚಂದ್ರ ರಾಯ್ ಅವರಂತಹ ಮೇಧಾವಿಗಳು ಅಲ್ಲಿ ಪಾಠ ಹೇಳುತ್ತಿದ್ದ ಕಾಲವದು.

1913ರಲ್ಲಿ ಅವರು ಇಂಗ್ಲೆಂಡಿಗೆ ಹೊರಟಿದ್ದು ಲಂಡನ್ ವಿಶ್ವವಿದ್ಯಾನಿಲಯ ಸೇರುವ ಉದ್ದೇಶದಿಂದ. ಒಂದು ದಿನ ಕೇಂಬ್ರಿಡ್ಜ್ ನೋಡಲು ಹೋದವರು ಕಿಂಗ್ಸ್ ಕಾಲೇಜಿನ ಪ್ರಾರ್ಥನಾ ಮಂದಿರದ ಸೊಬಗಿಗೆ ಮಾರುಹೋಗಿ ನಿಂತುಬಿಟ್ಟರು. ಲಂಡನ್ನಿಗೆ ಹೋಗುವ ಕೊನೆಯ ರೈಲು ತಪ್ಪಿತು. ಆ ರಾತ್ರಿ ಅಲ್ಲಿಯೇ ಇದ್ದ ಭಾರತೀಯ ಗೆಳೆಯನ ಕೋಣೆಯಲ್ಲಿ ಉಳಿದು, ಗೆಳೆಯನ ಸಲಹೆಯಂತೆ ಮರುದಿನ ಕಾಲೇಜಿನವರನ್ನು ಭೇಟಿಯಾಗಿ ಅಲ್ಲಿಯೇ ಪ್ರವೇಶ ಪಡೆದರು! ಕೇಂಬ್ರಿಡ್ಜಿನಲ್ಲಿ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಸ್ನೇಹವೂ ದೊರೆಯಿತು. 1915ರಲ್ಲಿ ಭೌತಶಾಸ್ತ್ರದ ಅಂತಿಮ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದ ಅವರು, ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಸಂಶೋಧನೆ ಆರಂಭಿಸುವ ಮೊದಲು ರಜೆಗೆಂದು ಊರಿಗೆ ಹೊರಟರು. ಹೊರಡುವ ಮುನ್ನ ಕಾಲೇಜಿನ ಗ್ರಂಥಾಲಯದಲ್ಲಿ ಅವರ ಅಧ್ಯಾಪಕರಾದ ಮೆಕಾಲೆ ಎಂಬುವರು ಬಯೋಮೆಟ್ರಿಕಾ ಎಂಬ ನಿಯತಕಾಲಿಕೆಯ ಸಂಪುಟಗಳನ್ನು ತೋರಿಸಿದರು. ಕಾರ್ಲ್ ಪಿಯರ್ಸನ್ ಸಂಪಾದಿಸುತ್ತಿದ್ದ ಆ ಪತ್ರಿಕೆ ಆಗಿನ ಕಾಲಕ್ಕೆ ಸಂಖ್ಯಾಶಾಸ್ತ್ರದ ಮುಖ್ಯ ವೇದಿಕೆ. ಮಹಲನೋಬಿಸ್ ಅವರು ಇಡೀ ಸಂಪುಟಗಳ ಗಂಟನ್ನೇ ಕೊಂಡು ಹಡಗು ಹತ್ತಿದರು. ಊರಿಗೆ ಬರುವ ದಾರಿಯಲ್ಲಿ ಓದುತ್ತಲೇ ಬಂದರು. ಅದು ಮೊದಲ ಮಹಾಯುದ್ಧದ ಕಾಲ. ಮರಳಿ ಕೇಂಬ್ರಿಡ್ಜಿಗೆ ಹೋಗುವ ಯೋಚನೆ ಹಾಗೆಯೇ ಉಳಿದು, ಅವರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು.

ಪುಸ್ತಕದಲ್ಲಿ ಓದಿದ್ದನ್ನು ಕೈಯಲ್ಲಿ ಮಾಡಿ ನೋಡುವ ಅವಕಾಶ ಬಂದಿದ್ದು 1917ರಲ್ಲಿ. ಕಲ್ಕತ್ತಾ ವಿಶ್ವವಿದ್ಯಾನಿಲಯದ ಪರೀಕ್ಷಾ ಫಲಿತಾಂಶಗಳನ್ನು ವಿಶ್ಲೇಷಿಸಿ ಕೊಡುವಂತೆ ಆಚಾರ್ಯ ಬ್ರಜೇಂದ್ರನಾಥ ಸೀಲ್ ಅವರು ಕೇಳಿಕೊಂಡರು. ಇದೇ ಬ್ರಜೇಂದ್ರನಾಥ ಸೀಲ್ ಅವರು 1921ರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಯಾಗಿ ಬಂದು ಆ ದಶಕದುದ್ದಕ್ಕೂ ಅದನ್ನು ಮುನ್ನಡೆಸಿದವರು ಎಂಬುದನ್ನು ಇಲ್ಲಿ ನೆನೆಯಬೇಕು. 1920ರಲ್ಲಿ ನಾಗಪುರದ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಭೇಟಿಯಾದ ಪ್ರಾಣಿಶಾಸ್ತ್ರ ಸರ್ವೇಕ್ಷಣಾಲಯದ ನಿರ್ದೇಶಕ ನೆಲ್ಸನ್ ಆನಂಡೇಲ್ ಅವರು ಕಲ್ಕತ್ತಾದ ಆಂಗ್ಲೋ ಇಂಡಿಯನ್ ಜನರ ದೇಹದ ಅಳತೆಗಳನ್ನು ಒಪ್ಪಿಸಿದರು. ಈ ಕೆಲಸದ ಮುಂದುವರಿಕೆಯಾಗಿ ಹುಟ್ಟಿದ್ದೇ ಇಂದು ಜಗತ್ತಿನಾದ್ಯಂತ ಮಹಲನೋಬಿಸ್ ದೂರ ಎಂದು ಕರೆಯಲ್ಪಡುವ ಅಳತೆ. ಅದರ ಸೂತ್ರ ತೊಡಕಿನದಾದರೂ ತಿರುಳು ಸುಲಭ. ಆರು ಅಡಿ ಎತ್ತರದವರು ಅಪರೂಪವಲ್ಲ, ನಲವತ್ತೈದು ಕಿಲೋ ತೂಗುವವರೂ ಅಪರೂಪವಲ್ಲ. ಆದರೆ ಆರು ಅಡಿ ಎತ್ತರವಿದ್ದು ನಲವತ್ತೈದು ಕಿಲೋ ಮಾತ್ರ ತೂಗುವವರು ತೀರಾ ಅಪರೂಪ. ಎರಡು ಅಳತೆಗಳನ್ನು ಬೇರೆಬೇರೆಯಾಗಿ ನೋಡಿದರೆ ಕಾಣದ ವಿಚಿತ್ರ, ಅವುಗಳ ಪರಸ್ಪರ ಸಂಬಂಧವನ್ನು ಗಮನದಲ್ಲಿಟ್ಟು ನೋಡಿದರೆ ಕಾಣುತ್ತದೆ. ಮೋಸದ ವ್ಯವಹಾರವನ್ನು ಸಾವಿರಾರು ಸರಿಯಾದ ವ್ಯವಹಾರಗಳ ನಡುವೆ ಹುಡುಕುವಾಗ, ಕಾರ್ಖಾನೆಯಲ್ಲಿ ದೋಷದ ವಸ್ತುವನ್ನು ಬೇರ್ಪಡಿಸುವಾಗ ಈ ಅಳತೆ ಈಗಲೂ ಬಳಕೆಯಲ್ಲಿದೆ.

ಆದರೆ ಸಂಖ್ಯೆಗಳ ಮೇಲೆ ಜನರ ಜೀವ ಮತ್ತು ಸರ್ಕಾರದ ಹಣ ಎರಡೂ ನಿಂತಿವೆ ಎಂಬುದು ಅವರಿಗೆ ಮನದಟ್ಟಾಗಿದ್ದು ನೆರೆಯ ಲೆಕ್ಕದಲ್ಲಿ. 1922ರಲ್ಲಿ ಉತ್ತರ ಬಂಗಾಳದಲ್ಲಿ ಭಾರಿ ಪ್ರವಾಹ ಬಂತು. ನೆರೆನೀರನ್ನು ತಡೆದು ನಿಲ್ಲಿಸಲು ದೊಡ್ಡ ದೊಡ್ಡ ಕಟ್ಟೆಗಳನ್ನು ಕಟ್ಟಬೇಕೆಂಬ ದುಬಾರಿ ಯೋಜನೆ ಸರ್ಕಾರದ ಮುಂದಿತ್ತು. ಮಹಲನೋಬಿಸ್ ಅವರು ಸುಮಾರು ಐವತ್ತು ವರ್ಷಗಳ ಮಳೆ ಮತ್ತು ಪ್ರವಾಹದ ದಾಖಲೆಗಳನ್ನು ಜೋಡಿಸಿ ನೋಡಿ, ಆ ಕಟ್ಟೆಗಳಿಂದ ಪ್ರಯೋಜನವಾಗದು, ನೀರು ಬೇಗ ಹರಿದುಹೋಗುವಂತೆ ಮಾಡುವುದೇ ಪರಿಹಾರ ಎಂದು ತೋರಿಸಿದರು. 1926ರಲ್ಲಿ ಒರಿಸ್ಸಾದ ಬ್ರಾಹ್ಮಣಿ ನದಿ ಉಕ್ಕಿದಾಗಲೂ ಇಂಥದೇ ಪ್ರಶ್ನೆ. ನದಿಯ ತಳ ಹೂಳಿನಿಂದ ಮೇಲೆದ್ದಿದೆ, ಆದ್ದರಿಂದ ಏರಿಗಳನ್ನು ಹಲವು ಅಡಿ ಎತ್ತರಿಸಬೇಕು ಎಂಬುದು ಎಂಜಿನಿಯರುಗಳ ಅಭಿಪ್ರಾಯ. ಸುಮಾರು ಅರವತ್ತು ವರ್ಷಗಳ ಅಂಕಿಗಳನ್ನು ಪರಿಶೀಲಿಸಿದ ಮಹಲನೋಬಿಸ್ ಅವರಿಗೆ ನದಿಯ ತಳ ಏರಿದ್ದಕ್ಕೆ ಯಾವ ಆಧಾರವೂ ಸಿಗಲಿಲ್ಲ. ನದಿಯ ಮೇಲ್ಭಾಗದಲ್ಲಿ ಬಿದ್ದ ಅಸಾಧಾರಣ ಮಳೆಯೇ ನೆರೆಗೆ ಕಾರಣವಾಗಿತ್ತು. ಹಾಗಾದರೆ ಏರಿ ಎತ್ತರಿಸಿ ಏನು ಫಲ? ಮೇಲ್ಭಾಗದಲ್ಲಿ ಅಣೆಕಟ್ಟು ಕಟ್ಟಿ ನೀರು ತಡೆಯಬೇಕು, ಅದರಿಂದ ವಿದ್ಯುತ್ತನ್ನೂ ಪಡೆಯಬಹುದು ಎಂದು ಅವರು ಸೂಚಿಸಿದರು. ಮುಂದೆ ಮಹಾನದಿಗೆ ಹಿರಾಕುಡ್ ಅಣೆಕಟ್ಟು ಕಟ್ಟುವ ಯೋಚನೆಗೆ ಈ ಅಧ್ಯಯನವೂ ಒಂದು ಬುನಾದಿಯಾಯಿತು. ಆ ಅಣೆಕಟ್ಟು 1957ರಲ್ಲಿ ಉದ್ಘಾಟನೆಯಾಯಿತು.

ಗಮನಿಸಿ. ಎರಡೂ ಕಡೆ ಎಂಜಿನಿಯರುಗಳಿಗೆ ಅನುಭವದ ಕೊರತೆ ಇರಲಿಲ್ಲ. ಕೊರತೆಯಿದ್ದುದು ಹಳೆಯ ದಾಖಲೆಗಳನ್ನು ತೆರೆದು ನೋಡುವ ತಾಳ್ಮೆಗೆ. ಕಣ್ಣೆದುರಿನ ಒಂದು ಪ್ರವಾಹ ನೋಡಿ ಕೋಟಿಗಟ್ಟಲೆ ಹಣದ ತೀರ್ಮಾನ ಮಾಡುವುದಕ್ಕೂ, ಈ ಬಾರಿಯ ವ್ಯಾಪಾರ ಚೆನ್ನಾಗಿ ನಡೆಯಿತೆಂದು ಮರುವರ್ಷ ಸಾಲ ಮಾಡಿ ಮೂರು ಅಂಗಡಿ ತೆರೆಯುವುದಕ್ಕೂ ಹೆಚ್ಚಿನ ವ್ಯತ್ಯಾಸ ನನಗೆ ಕಾಣುವುದಿಲ್ಲ.

ಪ್ರೆಸಿಡೆನ್ಸಿ ಕಾಲೇಜಿನ ಭೌತಶಾಸ್ತ್ರ ವಿಭಾಗದ ಒಂದು ಕೋಣೆಯಲ್ಲಿ ಕೆಲವೇ ಯುವಕರನ್ನು ಕೂಡಿಸಿಕೊಂಡು ನಡೆಸುತ್ತಿದ್ದ ಪ್ರಯೋಗಾಲಯವೇ 1931ರ ಡಿಸೆಂಬರ್ 17ರಂದು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಾಗಿ ರೂಪುಗೊಂಡಿತು. ಮೊದಲ ಅಧ್ಯಕ್ಷರಾಗಿದ್ದವರು ಉದ್ಯಮಿ ಸರ್ ರಾಜೇಂದ್ರನಾಥ ಮುಖರ್ಜಿ. ಮೊದಲ ವರ್ಷದ ಒಟ್ಟು ಖರ್ಚು 238 ರೂಪಾಯಿ! ಒಂದು ಸಂಸ್ಥೆ ಕಟ್ಟಲು ಕಟ್ಟಡ, ಫಲಕ, ಸಮಾರಂಭಗಳೇ ಮೊದಲು ಬೇಕೆಂದು ತಿಳಿದಿರುವ ನಮ್ಮಂಥ ಸಂಘ ಸಂಸ್ಥೆಗಳವರು ಈ ಅಂಕಿಯನ್ನು ಆಗಾಗ ನೆನಪಿಸಿಕೊಳ್ಳಬಹುದು. 1933ರಲ್ಲಿ ಸಂಖ್ಯಾ ಎಂಬ ಹೆಸರಿನ ಸಂಶೋಧನಾ ಪತ್ರಿಕೆ ಆರಂಭವಾಯಿತು. ಆರ್.ಸಿ. ಬೋಸ್, ಎಸ್.ಎನ್. ರಾಯ್ ಅವರಂತಹ ಗಣಿತ ಪ್ರತಿಭೆಗಳು ಬಂದು ಸೇರಿದರು.

ಮಹಲನೋಬಿಸ್ ಅವರ ಜೀವನದಲ್ಲಿ ವ್ಯಾಪಾರೋದ್ಯಮಕ್ಕೆ ಅತಿ ಹತ್ತಿರದ ಕೆಲಸವೆಂದರೆ ಸೆಣಬಿನ ಸಮೀಕ್ಷೆ. ಆ ಕಾಲದ ಬಂಗಾಳಕ್ಕೆ ಸೆಣಬೇ ಚಿನ್ನ. ಹೂಗ್ಲಿ ನದಿಯ ದಂಡೆಯ ಗಿರಣಿಗಳು, ರಫ್ತುದಾರರು, ದಲ್ಲಾಳಿಗಳು, ಲಕ್ಷಾಂತರ ರೈತರು ಅದನ್ನೇ ನಂಬಿದ್ದರು. ಈ ವರ್ಷ ಎಷ್ಟು ಬೆಳೆ ಬರುತ್ತದೆ ಎಂಬುದು ಮೊದಲೇ ತಿಳಿದರೆ ಗಿರಣಿಯವನು ಎಷ್ಟು ಕೊಳ್ಳಬೇಕು, ರೈತ ಯಾವ ಬೆಲೆಗೆ ಮಾರಬೇಕು ಎಂದು ತೀರ್ಮಾನಿಸಬಹುದು. ತಪ್ಪು ಅಂದಾಜು ಹೊರಬಿದ್ದರೆ ನಷ್ಟ ಬೀಳುವುದು ಸಾಮಾನ್ಯವಾಗಿ ರೈತನ ತಲೆಯ ಮೇಲೆಯೇ. ಭಾರತೀಯ ಕೇಂದ್ರ ಸೆಣಬು ಸಮಿತಿಯ ನೆರವಿನಿಂದ 1937ರಲ್ಲಿ ಮಹಲನೋಬಿಸ್ ಅವರು ಪ್ರಾಯೋಗಿಕವಾಗಿ ಸಮೀಕ್ಷೆ ಆರಂಭಿಸಿದರು. ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಹಿಗ್ಗಿಸುತ್ತಾ 1941ರ ಹೊತ್ತಿಗೆ ಇಡೀ ಬಂಗಾಳ ಪ್ರಾಂತ್ಯವನ್ನು ಅದರೊಳಗೆ ತಂದರು.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿ ನೋಡಿದರೆ ಸಾಕು ಎನ್ನುತ್ತೇವೆ. ಪಾತ್ರೆಯ ಅನ್ನವೆಲ್ಲ ಒಂದೇ ಬಗೆಯಲ್ಲಿ ಬೇಯುವುದರಿಂದ ಅದು ನಿಜ. ಹೊಲಗಳು ಹಾಗಲ್ಲ. ಮಂಡಿಯ ವ್ಯಾಪಾರಿ ಮೂಟೆಗೆ ಸಲಾಕೆ ಚುಚ್ಚಿ ಒಂದು ಹಿಡಿ ಧಾನ್ಯ ತೆಗೆದು ನೋಡುತ್ತಾನಲ್ಲ, ಅವನಿಗೂ ಮೂರು ಪ್ರಶ್ನೆಗಳಿವೆ. ಎಷ್ಟು ಮೂಟೆ ಚುಚ್ಚಬೇಕು? ಯಾವ ಮೂಟೆಗಳನ್ನು? ಆರಿಸುವವರು ಯಾರು? ಮಾರುವವನು ತೋರಿಸಿದ ಮೂಟೆಯನ್ನೇ ಚುಚ್ಚಿದರೆ ಕಥೆ ಮುಗಿಯಿತು. ಆದ್ದರಿಂದ ಮಹಲನೋಬಿಸ್ ಅವರು ನಕ್ಷೆಯ ಮೇಲೆ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಚೌಕಗಳನ್ನು ಗುರುತಿಸಿ, ಆ ಚೌಕದೊಳಗಿನ ಹೊಲಗಳನ್ನು ಮಾತ್ರ ನೋಡಿ ಬರುವಂತೆ ತನಿಖೆಗಾರರನ್ನು ಕಳುಹಿಸಿದರು.

ಮುಂದಿನ ಹೆಜ್ಜೆಯೇ ಅವರ ಸ್ವಂತಿಕೆ. ಚೌಕ ದೊಡ್ಡದಿರಬೇಕೋ ಚಿಕ್ಕದಿರಬೇಕೋ? ದೊಡ್ಡ ಚೌಕವಾದರೆ ಒಂದೇ ಕಡೆ ಕುಳಿತು ಹೆಚ್ಚು ಹೊಲ ನೋಡಬಹುದು, ತಿರುಗಾಟದ ಖರ್ಚು ಕಡಿಮೆ. ಆದರೆ ಅಕ್ಕಪಕ್ಕದ ಹೊಲಗಳಲ್ಲಿ ಸಾಮಾನ್ಯವಾಗಿ ಒಂದೇ ಬೆಳೆ ಇರುವುದರಿಂದ ಹತ್ತು ಹೊಲ ನೋಡಿದರೂ ಎರಡು ಹೊಲ ನೋಡಿದಷ್ಟೇ ಹೊಸ ವಿಷಯ ತಿಳಿಯುತ್ತದೆ. ಚಿಕ್ಕ ಚಿಕ್ಕ ಚೌಕಗಳನ್ನು ಪ್ರಾಂತ್ಯದ ತುಂಬ ಹರಡಿದರೆ ವಿಷಯ ಹೆಚ್ಚು ತಿಳಿಯುತ್ತದೆ, ಆದರೆ ತನಿಖೆಗಾರನ ಅರ್ಧ ದಿನ ಕೆಸರಿನ ದಾರಿಯಲ್ಲೇ ಕಳೆಯುತ್ತದೆ. ಮಹಲನೋಬಿಸ್ ಅವರು ತನಿಖೆಗಾರರಿಂದ ಸಮಯದ ಲೆಕ್ಕವನ್ನೇ ಬರೆಸಿದರು. ನಡೆಯಲು ಎಷ್ಟು ಹೊತ್ತು, ಹೊಲ ಗುರುತಿಸಲು ಎಷ್ಟು ಹೊತ್ತು, ಬರೆದುಕೊಳ್ಳಲು ಎಷ್ಟು, ಕಚೇರಿಯಲ್ಲಿ ಕೂಡಿಸಿ ಕಳೆಯಲು ಎಷ್ಟು ಎಂಬುದೆಲ್ಲ ಅದರಲ್ಲಿತ್ತು. ಈ ಖರ್ಚಿನ ಲೆಕ್ಕವನ್ನು ಒಂದು ಸಮೀಕರಣವಾಗಿಸಿದರು. ಚೌಕದ ಗಾತ್ರ ಮತ್ತು ಸಂಖ್ಯೆ ಬದಲಾದಂತೆ ತಪ್ಪಿನ ಪ್ರಮಾಣ ಹೇಗೆ ಬದಲಾಗುತ್ತದೆ ಎಂಬುದನ್ನು ಇನ್ನೊಂದು ಸಮೀಕರಣವಾಗಿಸಿದರು. ಎರಡನ್ನೂ ಒಟ್ಟಿಗೆ ಬಿಡಿಸಿ, ಕೊಟ್ಟ ಹಣದಲ್ಲಿ ತಪ್ಪು ಅತ್ಯಂತ ಕಡಿಮೆಯಾಗುವ ಗಾತ್ರ ಮತ್ತು ಸಂಖ್ಯೆಯನ್ನು ಕಂಡುಹಿಡಿದರು. ಇಂದು ನಾವು ಆಪ್ಟಿಮೈಸೇಶನ್ ಎಂದು ಕಲಿಯುವುದು ಇದನ್ನೇ. ಈ ಕೆಲಸದ ವಿವರ 1944ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮರುವರ್ಷವೇ ಅವರು ಆ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು.

ಇಲ್ಲೊಂದು ಗಣಿತದ ಮಾತು ವಿದ್ಯಾರ್ಥಿಗಳು ಮರೆಯಬಾರದು. ಮಾದರಿ ಸಮೀಕ್ಷೆಯ ತಪ್ಪನ್ನು ಅರ್ಧಕ್ಕೆ ಇಳಿಸಬೇಕಾದರೆ ಮಾದರಿಯ ಸಂಖ್ಯೆಯನ್ನು ಎರಡು ಪಟ್ಟಲ್ಲ, ನಾಲ್ಕು ಪಟ್ಟು ಹೆಚ್ಚಿಸಬೇಕು. ಮೂರನೇ ಒಂದಕ್ಕೆ ಇಳಿಸಲು ಒಂಬತ್ತು ಪಟ್ಟು. ಆದ್ದರಿಂದ ಒಂದು ಹಂತದ ನಂತರ ಹೆಚ್ಚು ಮಾಹಿತಿಗೆ ಸುರಿಯುವ ಹಣ ಅಷ್ಟು ಬೆಲೆಬಾಳುವುದಿಲ್ಲ. ಎಷ್ಟು ತಿಳಿದರೆ ಸಾಕು ಎಂಬ ಪ್ರಶ್ನೆಗೆ ಉತ್ತರ ಸಂಖ್ಯಾಶಾಸ್ತ್ರದಿಂದ ಮಾತ್ರ ಬರುವುದಿಲ್ಲ. ತೀರ್ಮಾನ ತಪ್ಪಿದರೆ ಆಗುವ ನಷ್ಟವೆಷ್ಟು ಎಂಬುದರಿಂದ ಬರುತ್ತದೆ.

ಅವರಿಗೆ ಇನ್ನೊಂದು ಅನುಮಾನವೂ ಇತ್ತು. ತನಿಖೆಗಾರ ಹೊಲಕ್ಕೆ ಹೋಗದೆ ಮರದ ನೆರಳಲ್ಲಿ ಕುಳಿತು ಅಂಕಿ ಬರೆದರೆ? ಇದಕ್ಕಾಗಿ ಅವರು ಒಂದೇ ಪ್ರದೇಶಕ್ಕೆ ಎರಡು ಬೇರೆ ಬೇರೆ ತಂಡಗಳನ್ನು, ಬೇರೆ ಬೇರೆ ಚೌಕಗಳ ಪಟ್ಟಿ ಕೊಟ್ಟು ಕಳುಹಿಸುವ ಪದ್ಧತಿ ತಂದರು. ಎರಡು ತಂಡಗಳ ಫಲಿತಾಂಶ ಹೆಚ್ಚುಕಡಿಮೆ ಹೊಂದಿಕೊಂಡರೆ ಸರಿ. ತೀರಾ ಬೇರೆಯಾದರೆ ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ. ಒಬ್ಬರ ಮೇಲೊಬ್ಬರು ಮೇಲ್ವಿಚಾರಕರನ್ನು ನೇಮಿಸುವುದಕ್ಕಿಂತ ಇದು ಅಗ್ಗ, ಜೊತೆಗೆ ಹೆಚ್ಚು ಪ್ರಾಮಾಣಿಕ.

ಫಲಿತಾಂಶ ಏನಾಯಿತು? 1940ರ ದಶಕದ ಮಧ್ಯದಲ್ಲಿ ಬಂಗಾಳ ಸರ್ಕಾರ ಒಂದೊಂದೇ ಹೊಲವನ್ನು ಎಣಿಸುವ ಪೂರ್ಣ ಗಣತಿಯನ್ನೂ ನಡೆಸಿತು. ಅದಕ್ಕೆ ಸುಮಾರು 33,000 ಜನ ಸಿಬ್ಬಂದಿ, 82 ಲಕ್ಷ ರೂಪಾಯಿ ಖರ್ಚು. ಮಹಲನೋಬಿಸ್ ಅವರ ಮಾದರಿ ಸಮೀಕ್ಷೆಗೆ ಸುಮಾರು 600 ಜನ, 8 ಲಕ್ಷ ರೂಪಾಯಿ. ಪೂರ್ಣ ಗಣತಿ 63.04 ಲಕ್ಷ ಬೇಲ್ ಸೆಣಬು ಎಂದಿತು, ಮಾದರಿ ಸಮೀಕ್ಷೆ 75.40 ಲಕ್ಷ ಬೇಲ್ ಎಂದಿತು. ಕೊನೆಗೆ ಸುಂಕದ ಕಚೇರಿ ಮತ್ತು ವ್ಯಾಪಾರದ ಲೆಕ್ಕದಿಂದ ತಿಳಿದುಬಂದ ಮೊತ್ತ 75.62 ಲಕ್ಷ ಬೇಲ್. ಹತ್ತು ಪಟ್ಟು ಹಣ ಖರ್ಚು ಮಾಡಿದ ಗಣತಿ ಬೆಳೆಯ ಆರನೇ ಒಂದು ಭಾಗವನ್ನೇ ಕಳೆದುಕೊಂಡಿತ್ತು. ಮಾದರಿ ಸಮೀಕ್ಷೆ ಇಷ್ಟು ಹತ್ತಿರ ಬಂದದ್ದರಲ್ಲಿ ಅದೃಷ್ಟದ ಪಾಲೂ ಸ್ವಲ್ಪ ಇರಬಹುದು. ಆದರೆ ತರಬೇತಿಯಿಲ್ಲದ 33,000 ಜನರಿಗಿಂತ ತರಬೇತಿ ಪಡೆದ 600 ಜನರು ಮೇಲು ಎಂಬುದು ಅದೃಷ್ಟದ ಮಾತಲ್ಲ.

ಇದೆಲ್ಲ ಸಲೀಸಾಗಿ ನಡೆಯಿತೆಂದು ತಿಳಿಯಬಾರದು. ಸರ್ಕಾರದ ಅನುದಾನ ವರ್ಷ ವರ್ಷವೂ ಅನಿಶ್ಚಿತವಾಗಿತ್ತು. ಇಳುವರಿ ಅಳೆಯಲು ಅವರು ಬಳಸಿದ ಚಿಕ್ಕ ವೃತ್ತಾಕಾರದ ಕೊಯ್ಲು ಪದ್ಧತಿಯನ್ನು ಇನ್ನೊಬ್ಬ ಶ್ರೇಷ್ಠ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಅವರು ಬಲವಾಗಿ ವಿರೋಧಿಸಿದರು. ವೃತ್ತ ಚಿಕ್ಕದಾದಷ್ಟೂ ಅಂಚಿನ ಗಿಡಗಳನ್ನು ಒಳಗೆ ಸೇರಿಸಿಕೊಳ್ಳುವ ಮನುಷ್ಯ ಸ್ವಭಾವದಿಂದ ಇಳುವರಿ ಹೆಚ್ಚು ಕಾಣುತ್ತದೆ ಎಂಬುದು ಅವರ ವಾದ. ಆ ವಾದದಲ್ಲಿ ಹುರುಳಿತ್ತು.

ಈ ಹೊತ್ತಿಗೆ ಸಂಸ್ಥೆಗೆ ಬಂದು ಸೇರಿದವರಲ್ಲಿ ನಮ್ಮ ನೆಲದ ಒಬ್ಬರಿದ್ದರು. ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರು ಕೆಲಸ ಹುಡುಕಿಕೊಂಡು ಕಲ್ಕತ್ತಾಕ್ಕೆ ಹೋಗಿ, ಆ ಕೆಲಸ ಸಿಗದೆ, 1941ರ ಜನವರಿಯಲ್ಲಿ ಈ ಸಂಸ್ಥೆಯ ತರಬೇತಿಗೆ ಸೇರಿದರು. ಮುಂದೆ ಅವರು ಜಗತ್ತಿನ ಅಗ್ರಗಣ್ಯ ಸಂಖ್ಯಾಶಾಸ್ತ್ರಜ್ಞರಾಗಿ, 102 ವರ್ಷ ಬಾಳಿ, 2023ರಲ್ಲಿ ನಿಧನರಾದರು. ಸಂಸ್ಥೆಯ ಜಾಣ್ಮೆಗೆ ಉದಾಹರಣೆಯಾಗಿ ರಾವ್ ಅವರೇ ತಮ್ಮ ಪುಸ್ತಕದಲ್ಲಿ ದಾಖಲಿಸಿರುವ ಒಂದು ಪ್ರಸಂಗವನ್ನು ನಮ್ಮ ಓದುಗರು ತಿಳಿಯಲೇಬೇಕು. 1947ರ ಗಲಭೆಗಳ ದಿನಗಳಲ್ಲಿ ದೆಹಲಿಯ ಅಲ್ಪಸಂಖ್ಯಾತ ಸಮುದಾಯದ ಬಹಳಷ್ಟು ಜನ ಕೆಂಪುಕೋಟೆಯಲ್ಲೂ, ಸ್ವಲ್ಪ ಜನ ಹುಮಾಯೂನ್ ಸಮಾಧಿಯ ಆವರಣದಲ್ಲೂ ಆಶ್ರಯ ಪಡೆದಿದ್ದರು. ಅವರಿಗೆ ಊಟ ಒದಗಿಸುವ ಹೊಣೆ ಸರ್ಕಾರದ್ದು, ಸರಬರಾಜು ಗುತ್ತಿಗೆದಾರರದ್ದು. ಒಳಗೆ ಎಷ್ಟು ಜನರಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ, ಒಳಹೊಕ್ಕು ಎಣಿಸುವ ಪರಿಸ್ಥಿತಿಯೂ ಇರಲಿಲ್ಲ. ಗುತ್ತಿಗೆದಾರರು ಕೊಟ್ಟ ಬಿಲ್ಲಿಗೆಲ್ಲ ಸರ್ಕಾರ ಹಣ ತೆರಬೇಕಾಯಿತು.

ಸಂಸ್ಥೆಯೊಡನೆ ಬಹುಕಾಲ ಒಡನಾಟವಿದ್ದ ಜೆ.ಎಂ. ಸೇನ್‌ಗುಪ್ತ ಅವರು ಆಗ ಒಂದು ಉಪಾಯ ಹೂಡಿದರು. ಬಿಲ್ಲಿನಲ್ಲಿದ್ದ ಅಕ್ಕಿ, ಬೇಳೆ ಮತ್ತು ಉಪ್ಪು ಈ ಮೂರರ ಪ್ರಮಾಣವನ್ನು ಒಬ್ಬ ಮನುಷ್ಯನ ದಿನದ ಬಳಕೆಯಿಂದ ಭಾಗಿಸಿದರು. ಮೂರರಿಂದಲೂ ಜನಸಂಖ್ಯೆ ಒಂದೇ ಬರಬೇಕಿತ್ತು, ಬರಲಿಲ್ಲ. ಅಕ್ಕಿಯ ಲೆಕ್ಕದಲ್ಲಿ ಬಂದ ಸಂಖ್ಯೆ ಎಲ್ಲಕ್ಕಿಂತ ದೊಡ್ಡದು, ಉಪ್ಪಿನ ಲೆಕ್ಕದಲ್ಲಿ ಬಂದದ್ದು ಎಲ್ಲಕ್ಕಿಂತ ಚಿಕ್ಕದು. ಅಕ್ಕಿ ದುಬಾರಿ, ಅದರ ತೂಕ ಹೆಚ್ಚಿಸಿ ಬರೆದರೆ ಲಾಭವುಂಟು. ಉಪ್ಪು ಅಗ್ಗ, ಅದರಲ್ಲಿ ಸುಳ್ಳು ಬರೆದು ಯಾರಿಗೇನು ಲಾಭ? ಆದ್ದರಿಂದ ಉಪ್ಪಿನ ಲೆಕ್ಕವನ್ನೇ ನಂಬಲಾಯಿತು. ಹುಮಾಯೂನ್ ಸಮಾಧಿಯಲ್ಲಿದ್ದ ಜನರ ನಿಜವಾದ ಸಂಖ್ಯೆ ತಿಳಿದಿದ್ದುದರಿಂದ ಅಲ್ಲಿ ಈ ವಿಧಾನವನ್ನು ಪರೀಕ್ಷಿಸಿ ನೋಡಿದಾಗ ಅದು ಸರಿಹೊಂದಿತು. ಖರೀದಿ ವಿಭಾಗದಲ್ಲಿ ಕೆಲಸ ಮಾಡುವ ಯಾರಿಗಾದರೂ ಇದಕ್ಕಿಂತ ಉತ್ತಮ ಪಾಠ ಬೇಕೇ?

ಸ್ವಾತಂತ್ರ್ಯಾನಂತರ ಮಹಲನೋಬಿಸ್ ಅವರ ಕೆಲಸದ ಹರವು ದೊಡ್ಡದಾಯಿತು. ಕಾರ್ಖಾನೆಗಳ ಗುಣಮಟ್ಟ ನಿಯಂತ್ರಣಕ್ಕೆ ಸಂಖ್ಯಾಶಾಸ್ತ್ರವನ್ನು ಮೊದಲು ಬಳಸಿದ ಅಮೆರಿಕದ ವಾಲ್ಟರ್ ಶೆವಾರ್ಟ್ ಅವರನ್ನು 1947–48ರಲ್ಲಿ ಭಾರತಕ್ಕೆ ಕರೆಸಿದರು. ಯಂತ್ರದಿಂದ ಹೊರಬರುವ ವಸ್ತುಗಳಲ್ಲಿ ಒಂದಿಷ್ಟು ಏರುಪೇರು ಸಹಜ. ಆ ಸಹಜ ಏರುಪೇರಿಗೆಲ್ಲ ಯಂತ್ರ ನಿಲ್ಲಿಸಿ ತಿರುಪು ತಿರುಗಿಸುತ್ತಾ ಹೋದರೆ ಕೆಡುಕೇ ಹೆಚ್ಚು, ಗೆರೆ ದಾಟಿದಾಗ ಮಾತ್ರ ಕಾರಣ ಹುಡುಕಬೇಕು ಎಂಬುದು ಶೆವಾರ್ಟ್ ಪಟ್ಟಿಯ ಸಾರ. ಇದನ್ನು ಕಾರ್ಖಾನೆಗಳಿಗೆ ಕಲಿಸಲು ಸಂಸ್ಥೆ 1950ರ ದಶಕದ ಮೊದಲ ಭಾಗದಲ್ಲಿ ತೆರೆದ ಮೊದಲ ಘಟಕಗಳಲ್ಲಿ ಬೊಂಬಾಯಿ, ಕಲ್ಕತ್ತಾಗಳ ಜೊತೆ ಬೆಂಗಳೂರೂ ಇತ್ತು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಗಿ, ಮೊದಲ ಸುತ್ತಿನಲ್ಲಿ ಸುಮಾರು 1,800 ಹಳ್ಳಿಗಳಿಗೆ ತನಿಖೆಗಾರರು ಹೋದರು. ಅದೇ ವರ್ಷ ಏಷ್ಯಾ, ಆಫ್ರಿಕಾ ದೇಶಗಳ ವಿದ್ಯಾರ್ಥಿಗಳಿಗಾಗಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಶಿಕ್ಷಣ ಕೇಂದ್ರವೂ ಕಲ್ಕತ್ತಾದಲ್ಲಿ ತೆರೆಯಿತು. 1956ರ ಹೊತ್ತಿಗೆ ದೇಶದ ಮೊದಲ ಡಿಜಿಟಲ್ ಕಂಪ್ಯೂಟರ್ ಕೂಡ ಈ ಸಂಸ್ಥೆಯಲ್ಲೇ ಕೆಲಸ ಮಾಡುತ್ತಿತ್ತು.

ಪ್ರಧಾನಿ ನೆಹರೂ ಅವರ ವಿಶ್ವಾಸ ಗಳಿಸಿದ್ದ ಮಹಲನೋಬಿಸ್ ಅವರು 1956ರಿಂದ 1961ರವರೆಗಿನ ಎರಡನೇ ಪಂಚವಾರ್ಷಿಕ ಯೋಜನೆಯ ಶಿಲ್ಪಿಯೂ ಆದರು. ವರ್ಷಕ್ಕೆ ಶೇ. 5ರಷ್ಟು ಆದಾಯ ಬೆಳವಣಿಗೆ, 1.1 ಕೋಟಿ ಹೊಸ ಉದ್ಯೋಗ, 5,600 ಕೋಟಿ ರೂಪಾಯಿ ಬಂಡವಾಳ. ಈ ಹಣವನ್ನು ನಾಲ್ಕು ವಲಯಗಳಿಗೆ ಹೇಗೆ ಹಂಚಿದರೆ ಎರಡೂ ಗುರಿ ಮುಟ್ಟಬಹುದು ಎಂಬುದೇ ಅವರ ಲೆಕ್ಕ. ಬಂಡವಾಳದ ಮೂರನೇ ಒಂದು ಭಾಗ ಯಂತ್ರ, ಉಕ್ಕಿನಂತಹ ಭಾರಿ ಉದ್ಯಮಗಳಿಗೆ ಹೋಗಬೇಕೆಂದು ಅವರು ವಾದಿಸಿದರು. ಸೆಣಬಿನ ಹೊಲದಲ್ಲಿ ಗೆದ್ದ ಮೇಧಾವಿ ಇಲ್ಲಿ ಪೂರ್ಣವಾಗಿ ಗೆದ್ದರೆಂದು ಹೇಳಲು ನನಗೆ ಸಾಧ್ಯವಿಲ್ಲ. ಅವರ ಮಾದರಿಯಲ್ಲಿ ವಿದೇಶಿ ವ್ಯಾಪಾರಕ್ಕೆ ಸ್ಥಾನವಿರಲಿಲ್ಲ. ಯಂತ್ರಗಳನ್ನು ತರಿಸಲು ಡಾಲರ್, ಪೌಂಡ್ ಬೇಕು ಎಂಬ ಮಿತಿಯನ್ನು ಸಮೀಕರಣದಿಂದ ಹೊರಗಿಟ್ಟರೆ ಉತ್ತರ ಕಾಗದದ ಮೇಲೆ ಮಾತ್ರ ಸರಿ. 1957ರಲ್ಲಿ ದೇಶ ವಿದೇಶಿ ವಿನಿಮಯದ ತೀವ್ರ ಬಿಕ್ಕಟ್ಟಿಗೆ ಸಿಲುಕಿತು. ಯೋಜನೆ ತೀರಾ ದೊಡ್ಡದಾಯಿತೆಂದು 1955ರಲ್ಲೇ ಭಿನ್ನಮತದ ಟಿಪ್ಪಣಿ ಬರೆದ ಒಬ್ಬರೇ ಒಬ್ಬ ಅರ್ಥಶಾಸ್ತ್ರಜ್ಞರೆಂದರೆ ಬಿ.ಆರ್. ಶೆಣೈ. ಅವರು ಕಾಸರಗೋಡು ಸೀಮೆಯ ಬೆಳ್ಳಿಕ್ಕೋತ್‌ನವರು. ಆಗ ಅವರ ಮಾತಿಗೆ ಕಿವಿಗೊಟ್ಟವರು ಕಡಿಮೆ. ಆದರೆ ಅದೇ ಭಾರಿ ಉದ್ಯಮಗಳ ತಳಹದಿಯಿಂದ ದೇಶಕ್ಕಾದ ಲಾಭವನ್ನು ಅಲ್ಲಗಳೆಯುವುದೂ ನ್ಯಾಯವಲ್ಲ. ಈ ಚರ್ಚೆ ಅರ್ಥಶಾಸ್ತ್ರಜ್ಞರಲ್ಲಿ ಮುಗಿದಿಲ್ಲ.

ಮನುಷ್ಯರಾಗಿ ಮಹಲನೋಬಿಸ್ ಅವರು ಹಟವಾದಿಗಳು, ಸಂಸ್ಥೆಯ ಆಡಳಿತವನ್ನು ಬಹುತೇಕ ತಮ್ಮ ಕೈಯಲ್ಲೇ ಇಟ್ಟುಕೊಂಡವರು. ಆರ್.ಸಿ. ಬೋಸ್, ಎಸ್.ಎನ್. ರಾಯ್ ಅವರಂತಹ ದಿಗ್ಗಜರು 1940ರ ದಶಕದ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ನೆಲೆಸಿದ್ದು ಸಂಸ್ಥೆಗೆ ದೊಡ್ಡ ನಷ್ಟ. ಆದರೆ ಅವರ ಇನ್ನೊಂದು ಮುಖ ಕವಿ ರವೀಂದ್ರನಾಥ ಠಾಕೂರರ ಆಪ್ತರದ್ದು. ವಿಶ್ವಭಾರತಿ ಆರಂಭವಾದ 1921ರಿಂದ ಹತ್ತು ವರ್ಷ ಅದರ ಕಾರ್ಯದರ್ಶಿಯಾಗಿ ದುಡಿದರು. 1923ರಲ್ಲಿ ನಿರ್ಮಲಕುಮಾರಿ ಅವರನ್ನು ವಿವಾಹವಾದರು. ಮಕ್ಕಳಿರಲಿಲ್ಲ. 1959ರಲ್ಲಿ ಸಂಸತ್ತು ಅವರ ಸಂಸ್ಥೆಯನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಶಾಸನದ ಮೂಲಕ ಘೋಷಿಸಿ ಪದವಿ ನೀಡುವ ಅಧಿಕಾರ ಕೊಟ್ಟಿತು. 1968ರಲ್ಲಿ ಪದ್ಮವಿಭೂಷಣ ಬಂತು.

1972ರ ಜೂನ್ 28ರಂದು, 79ನೇ ಹುಟ್ಟುಹಬ್ಬಕ್ಕೆ ಒಂದು ದಿನ ಉಳಿದಿರುವಾಗ, ಮಹಲನೋಬಿಸ್ ಅವರು ನಿಧನರಾದರು. ಕೊನೆಯವರೆಗೂ ಸಂಸ್ಥೆಯ ಕೆಲಸದಲ್ಲಿ ತೊಡಗಿಯೇ ಇದ್ದರು. 2007ರಿಂದ ಅವರ ಜನ್ಮದಿನ ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನವಾಗಿ ಆಚರಣೆಯಲ್ಲಿದೆ. ಕಲ್ಕತ್ತಾ ತೀರಾ ದೂರವೆಂದು ನಮ್ಮ ವಿದ್ಯಾರ್ಥಿಗಳು ಹಿಂಜರಿಯಬೇಕಿಲ್ಲ. ಸಂಸ್ಥೆಯ ಬೆಂಗಳೂರು ಕೇಂದ್ರ ಮೈಸೂರು ರಸ್ತೆಯಲ್ಲಿದೆ, ಪ್ರವೇಶ ಪರೀಕ್ಷೆಯ ಮೂಲಕ ಆಯ್ಕೆ ನಡೆಯುತ್ತದೆ. ಪಿ.ಯು.ಸಿ.ಯಲ್ಲಿ ಗಣಿತ ಓದುತ್ತಿರುವವರು ಹಳೆಯ ಪ್ರಶ್ನೆಪತ್ರಿಕೆಗಳನ್ನು ಈಗಿನಿಂದಲೇ ಬಿಡಿಸಿ ನೋಡಬಹುದು.